ಪದಚರ್ಚೆ: ‘ಕೊರೊನೆಕ್ಟಮಿ’ಗೆ ಕನ್ನಡದಲ್ಲಿ ಏನನ್ನೋಣ?

ಕೊರೊನೆಕ್ಟಮಿ ಎಂದರೆ ಬೇರನ್ನು ಮೂಳೆಯಲ್ಲೇ ಉಳಿಸಿ ಹಲ್ಲಿನ ತಲೆಯನ್ನಷ್ಟೇ (ಇಂಗ್ಲಿಷಿನಲ್ಲಿ ‘ಕ್ರೌನ್’, ಅಂದರೆ ಕಿರೀಟ) ಕೊಯ್ದು ತೆಗೆಯುವುದು. ಬುದ್ಧಿಹಲ್ಲಿನ ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿ ಸಹಿ ಹಾಕುವ ಒಪ್ಪಿಗೆ ಪತ್ರಕ್ಕೆ ಈ ಪದ ಬೇಕಾಗಿದೆ.

ಕೆಳದವಡೆಯ ಮೂಳೆಯೊಳಗೆ ಒಂದು ಕಾಲುವೆ, ಅದರಲ್ಲಿ ಒಂದು ನರ. ಕೆಳತುಟಿ, ಗದ್ದಗಳಿಗೆ ಸ್ಪರ್ಶ ತಿಳಿಯುವುದು ಅದರಿಂದ. ಹೂತ ಬುದ್ಧಿಹಲ್ಲಿನ ಬೇರು ಅದಕ್ಕೆ ಅಂಟಿಕೊಂಡಿದ್ದರೆ ಎಕ್ಸ್‌ರೇಯಲ್ಲಿ ಕಾಲುವೆಯ ಬಿಳಿಗೆರೆ ಅಲ್ಲಿ ಅಳಿಸಿದಂತೆ, ಇಲ್ಲವೇ ಬೇರು ಕಪ್ಪಾದಂತೆ ಕಾಣುತ್ತದೆ. ಸಿಬಿಸಿಟಿ (ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಎಕ್ಸ್‌ರೇ) ಸ್ಕ್ಯಾನಿನಲ್ಲೂ ಬೇರು ನರಕ್ಕೆ ತಾಗಿದಂತೆ ಕಂಡರೆ ಹಲ್ಲನ್ನು ಪೂರ್ತಿ ಕೀಳದೆ ತಲೆಯನ್ನಷ್ಟೇ ಕೊಯ್ದು ತೆಗೆಯಬಹುದು. ಬೇರನ್ನು ಮೂಳೆಯ ಅಂಚಿಗಿಂತ 3–4 ಮಿ.ಮೀ. ಕೆಳಗಿರುವಂತೆ ತೇಯ್ದು, ಎನಾಮೆಲ್ ಚೂರೂ ಉಳಿಯದಂತೆ ನೋಡಿಕೊಂಡು, ವಸಡು ಮುಚ್ಚಿ ಹೊಲಿಗೆ ಹಾಕುತ್ತಾರೆ. ಕೊಯ್ಯುವಾಗ ಬೇರು ಅಲುಗಾಡಿತೋ, ಅದನ್ನೂ ತೆಗೆಯಲೇಬೇಕು. ಹುಳುಕು ತಿರುಳಿಗೆ ಇಳಿದಿದ್ದರೆ ಈ ವಿಧಾನ ಸಲ್ಲದು.

‘ಕಿರೀಟಛೇದನ’ ಎಂದರೆ ಯಾರಿಗೂ ಅರ್ಥವಾಗದು. ‘ಕ್ರೌನ್’ ಎಂದರಂತೂ ರೂಟ್ ಕೆನಾಲ್ ಆದಮೇಲೆ ಹಾಕುವ ಕ್ಯಾಪ್ ಎಂದುಕೊಳ್ಳುತ್ತಾರೆ. ‘ಹಲ್ಲಿನ ತಲೆಗೊಯ್ತ’ ಹೇಗೆ? ಕಿವಿಗೆ ಒರಟು, ಅರ್ಥ ಮಾತ್ರ ನೇರ.

ಹೆಸರಿಗಿಂತ ಕ್ರಿಯಾಪದದ್ದೇ ದೊಡ್ಡ ತೊಡಕು. ‘ಬೇರು ಒಳಗೆ ಉಳಿಯುತ್ತದೆ’ ಎಂದು ಬರೆದರೆ, ಕೀಳಲು ಹೋಗಿ ಮುರಿದು ಉಳಿದುಬಿಟ್ಟಿತು ಎಂಬ ಧ್ವನಿ ಬರುತ್ತದೆ. ‘ನರಕ್ಕೆ ಪೆಟ್ಟಾಗದಿರಲೆಂದು ಬೇರನ್ನು ಉಳಿಸುತ್ತೇವೆ’ ಎಂದೇ ಬರೆಯಬೇಕು. ಆ ‘ಇಸು’ ಪ್ರತ್ಯಯದಲ್ಲೇ ಇಡೀ ಚಿಕಿತ್ಸೆಯ ಉದ್ದೇಶವಿದೆ. ಮೊದಲ ಒಂದೆರಡು ವರ್ಷಗಳಲ್ಲಿ ಆ ಬೇರು ಕೆಲವು ಮಿ.ಮೀ. ಮೇಲೇರುವುದುಂಟು. ಇದನ್ನು ‘ಬೆಳೆಯುತ್ತದೆ’ ಎನ್ನಬಾರದು, ಹಲ್ಲು ಮತ್ತೆ ಹುಟ್ಟಿತೆಂದು ತಿಳಿದಾರು. ‘ಮೇಲಕ್ಕೆ ಸರಿಯುತ್ತದೆ’ ಸಾಕು. ವಸಡಿನಿಂದ ಹೊರಬಂದರೆ ಆಗ ತೆಗೆಯಬಹುದು, ಅಷ್ಟರಲ್ಲಿ ಅದು ನರದಿಂದ ದೂರವಾಗಿರುತ್ತದೆ.

ಇನ್ನು ನರಕ್ಕೆ ಪೆಟ್ಟಾದರೆ ಆಗುವುದಕ್ಕೆ ‘ಜೋಮು’ ಎನ್ನುವುದು ಸರಿಯಲ್ಲ. ಕಾಲು ಕೊಡವಿದರೆ ಹೋಗುವಂಥದ್ದು ಜೋಮು; ಇದು ವಾರಗಟ್ಟಲೆ, ತಿಂಗಳುಗಟ್ಟಲೆ ಇದ್ದು ಅಪರೂಪಕ್ಕೆ ಶಾಶ್ವತವೂ ಆಗುತ್ತದೆ. ‘ಮರಗಟ್ಟುವುದು’ ಹತ್ತಿರದ ಮಾತು. ಆದರೆ ನರ ಎಂದ ಕೂಡಲೇ ಬಾಯಿ ಸೊಟ್ಟಗಾಗುತ್ತದೆಂದು ಜನ ಹೆದರುತ್ತಾರೆ. ಹಾಗಾಗಿ ‘ತುಟಿ ಎಂದಿನಂತೆ ಆಡುತ್ತದೆ, ಮುಟ್ಟಿದ್ದು ತಿಳಿಯುವುದಿಲ್ಲ’ ಎಂದು ಬಿಡಿಸಿ ಬರೆಯುವುದು ಒಳ್ಳೆಯದು. ಇಂಜೆಕ್ಷನ್ ಆದಮೇಲೆ ‘ತುಟಿ ದಪ್ಪಗಾದಂಗಿದೆ’ ಎನ್ನುತ್ತಾರಲ್ಲ, ಆ ಅನುಭವಕ್ಕೆ ನಿಮ್ಮ ಕಡೆ ಒಂದೇ ಪದ ಇದೆಯೇ? ಕರಾವಳಿ, ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ತಿಳಿಸಿ.