ಸರ್ಟಿಫಿಕೇಟ್ ಹೊಸದು ಹಾಕಿದ್ರೂ 'ಸುರಕ್ಷಿತವಲ್ಲ' ಅಂತಾನೇ ಬರ್ತಿದೆ

ಸರ್ವರ್_ಸುಸ್ತು
ಸೈಟ್ ಅಸಲಿ ಅಂತ ತೋರಿಸೋ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು, ಅದನ್ನ ಕೊಡೋ ಸಂಸ್ಥೆ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಹೊಸದು ತಂದು ಹಾಕಿದೆ. ವೆಬ್ ಸರ್ವರ್ ಸಾಫ್ಟ್‌ವೇರ್ ಎಂಜಿನ್‌ಎಕ್ಸ್ ರೀಸ್ಟಾರ್ಟ್ ಕೂಡ ಆಯ್ತು. ಆದ್ರೂ ದೂರು ನಿಲ್ತಿಲ್ಲ. ಎಲ್ಲಾ ಸರಿಯಾಗೇ ಇದೆ, ಇನ್ನೇನು ಮಾಡ್ಬೇಕು ಸ್ವಾಮಿ?

ಗಡಿಯಾರ_ರಾಯ
ಸರ್ವರ್ ಟೈಮ್ ನೋಡಿ. ಹತ್ತರಲ್ಲಿ ಒಂಬತ್ತು ಸಲ ಅದೇ. ಟೈಮ್ ತಾನಾಗೇ ಸರಿಮಾಡೋ ಎನ್‌ಟಿಪಿ ಆನ್ ಮಾಡಿ.

ಪೋರ್ಟ್_443
ಯಾರಿಗೆ ಎರರ್, ಯಾವ ಎರರ್, ಯಾವುದರಲ್ಲಿ? ಅದನ್ನೇ ಬರೆದಿಲ್ವಲ್ಲ.

ಸರ್ವರ್_ಸುಸ್ತು
ಟೈಮ್ ಸರಿ ಇದೆ. ನನ್ನ ಕ್ರೋಮ್‌ನಲ್ಲಿ ಸೈಟ್ ಚೆನ್ನಾಗೇ ತೆರೆಯುತ್ತೆ. ಆ್ಯಂಡ್ರಾಯ್ಡ್ ಆ್ಯಪ್ ಕನೆಕ್ಟ್ ಆಗ್ತಿಲ್ಲ, ಕಮಾಂಡ್ ಲೈನಿಂದ ಸೈಟ್ ತೆರೆಯೋ ಕರ್ಲ್ ಕೂಡ ಬೈತಿದೆ. ಅದು ಗೊತ್ತಿರೋ ವಿಷಯ ಅಂದ್ಕೊಂಡೆ.

ಗಡಿಯಾರ_ರಾಯ
ಹಾಗಾದ್ರೆ ಫೋನಿನ ಟೈಮ್. ಸರ್ಟಿಫಿಕೇಟ್ ಶುರುವಾಗೋ ಹೊತ್ತಿಗಿಂತ ಫೋನ್ ಹಿಂದಿದ್ರೆ ಒಪ್ಪಲ್ಲ.

ಪೋರ್ಟ್_443
ರಾಯರೇ, ಅವಧಿ ನೋಡೋದು ಸೈಟಿಗೆ ಬರೋವನ ಗಡಿಯಾರ, ಸರ್ವರಿನದ್ದಲ್ಲ. ಮೇಲಾಗಿ ಲೆಟ್ಸ್ ಎನ್‌ಕ್ರಿಪ್ಟ್ ಶುರುವಿನ ಹೊತ್ತನ್ನ ಒಂದು ಗಂಟೆ ಹಿಂದಕ್ಕೇ ಹಾಕಿ ಕೊಡುತ್ತೆ. ಕರ್ಲ್‌ಗೂ ಆ್ಯಪ್‌ಗೂ ಒಟ್ಟಿಗೇ ಗಡಿಯಾರ ಕೆಡುತ್ತಾ?
ಸುಸ್ತು, ಓಪನ್‌ಎಸ್‌ಎಸ್‌ಎಲ್‌ನ ಎಸ್_ಕ್ಲೈಂಟ್ ಓಡಿಸಿ, ಶೋಸರ್ಟ್ಸ್ ಸೇರಿಸಿ, ಸರ್ವರ್ ಯಾವ್ಯಾವ ಸರ್ಟಿಫಿಕೇಟ್ ಕಳಿಸ್ತಿದೆ ಅಂತ ಕಾಣುತ್ತೆ. ಯಾವ ಸೈಟ್ ಅಂತ ಹೇಳೋ ಸರ್ವರ್‌ನೇಮ್ ಆಯ್ಕೆ ಬಿಡಬೇಡಿ, ಬಿಟ್ರೆ ಕೆಲವು ಕಡೆ ಡಿಫಾಲ್ಟ್ ಸೈಟಿನ ಸರ್ಟಿಫಿಕೇಟ್ ಬಂದು ದಾರಿ ತಪ್ಪಿಸುತ್ತೆ.

ಸರ್ವರ್_ಸುಸ್ತು
'ವೆರಿಫೈ ಎರರ್ ನಂ=20, ಅನೇಬಲ್ ಟು ಗೆಟ್ ಲೋಕಲ್ ಇಶ್ಯೂಯರ್ ಸರ್ಟಿಫಿಕೇಟ್'. ಅದರ ಕೆಳಗೆ 21. ಚೈನ್‌ನಲ್ಲಿ 0, ಅಂದ್ರೆ ನನ್ನ ಸೈಟಿನ ಸರ್ಟಿಫಿಕೇಟ್, ಒಂದೇ ಇದೆ.

ಪೋರ್ಟ್_443
ಸಿಕ್ತು. ಇಂಟರ್‌ಮೀಡಿಯೆಟ್, ಅಂದ್ರೆ ನಿಮ್ಮ ಸರ್ಟಿಫಿಕೇಟನ್ನ ನಂಬಿಕೆಯ ಮೂಲವಾದ ರೂಟ್‌ಗೆ ಜೋಡಿಸೋ ನಡುವಿನ ಸರ್ಟಿಫಿಕೇಟ್, ಕಳಿಸ್ತಿಲ್ಲ ನೀವು. ಎಂಜಿನ್‌ಎಕ್ಸ್‌ನ ಎಸ್‌ಎಸ್‌ಎಲ್_ಸರ್ಟಿಫಿಕೇಟ್ ಸಾಲಿನಲ್ಲಿ ನಿಮ್ಮದೊಂದೇ ಇರೋ ಸರ್ಟ್ ಫೈಲ್ ಇದ್ದೀತು, ಎರಡೂ ಇರೋ ಫುಲ್‌ಚೈನ್ ಫೈಲ್ ಕೊಡಿ. ಕ್ರೋಮ್ ಬಿಟ್ಟುಹೋದ ಕೊಂಡಿಯನ್ನ ಸರ್ಟಿಫಿಕೇಟಿನೊಳಗಿನ ವಿಳಾಸದಿಂದ ತಾನೇ ಇಳಿಸ್ಕೊಳ್ಳುತ್ತೆ, ಅದಕ್ಕೇ ನಿಮಗೆ ಕಾಣ್ಲಿಲ್ಲ. ಕರ್ಲ್‌ಗೆ ಆ ಉಪಕಾರಬುದ್ಧಿ ಇಲ್ಲ.
ಕೈಯಾರೆ ಜೋಡಿಸೋದಾದ್ರೆ ಮೊದಲು ನಿಮ್ಮದು, ಆಮೇಲೆ ಇಂಟರ್‌ಮೀಡಿಯೆಟ್. ರೂಟ್ ಬೇಡ, ಅದು ಬಳಸೋರ ಹತ್ರಾನೇ ಇರುತ್ತೆ. ತಿರುವುಮುರುವಾದ್ರೆ 'ಕೀ ವ್ಯಾಲ್ಯೂಸ್ ಮಿಸ್‌ಮ್ಯಾಚ್' ಅಂತ ಎಂಜಿನ್‌ಎಕ್ಸ್ ಏಳೋದೇ ಇಲ್ಲ.

ಬೇಗ_ಮುಗಿಸು
ಇಷ್ಟೆಲ್ಲಾ ಯಾಕೆ? ಆ್ಯಪ್‌ನಲ್ಲಿ ಸರ್ಟಿಫಿಕೇಟ್ ವೆರಿಫಿಕೇಶನ್ ಆಫ್ ಮಾಡಿ. ಎನ್‌ಕ್ರಿಪ್ಷನ್ ಹೇಗೂ ಇರುತ್ತಲ್ಲ.

ಕೀಲಿಕೈ
ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಎನ್‌ಕ್ರಿಪ್ಷನ್ ಇರುತ್ತೆ, ಯಾರ ಜೊತೆ ಅನ್ನೋದೇ ಗೊತ್ತಿರಲ್ಲ. ಅದೇ ವೈಫೈನಲ್ಲಿ ಕೂತವನು ತನ್ನದೇ ಸರ್ಟಿಫಿಕೇಟ್ ತೋರಿಸಿ ನಿಮ್ಮ ಆ್ಯಪ್ ಜೊತೆ ಒಂದು ಗೂಢಲಿಪಿ ಸಂಪರ್ಕ, ಅಸಲಿ ಸರ್ವರ್ ಜೊತೆ ಇನ್ನೊಂದು ಇಟ್ಕೊಂಡು ನಡುವೆ ಪಾಸ್‌ವರ್ಡ್ ಓದ್ತಾನೆ. ಎರಡೂ ಕಡೆ ಬೀಗ ಇದೆ, ಬೀಗದ ಕೈ ಅವನ ಹತ್ರ.

ಬೇಗ_ಮುಗಿಸು
ಸರ್ಟಿಫಿಕೇಟ್ ಕೀಲಿಯಿಂದಲೇ ತಾನೆ ಎನ್‌ಕ್ರಿಪ್ಟ್ ಆಗೋದು?

ಕೀಲಿಕೈ
ಈ ಗೂಢಲಿಪಿ ಸಂಪರ್ಕದ ನಿಯಮ ಟಿಎಲ್‌ಎಸ್, ಅದರ 1.3ರಲ್ಲಿ ಹಾಗಲ್ಲ. ಅದನ್ನ ವಿವರಿಸೋ ದಾಖಲೆ, 2018ರ ಆರ್‌ಎಫ್‌ಸಿ 8446 ಓದಿ. ಸರ್ಟಿಫಿಕೇಟಿನ ಕೀಲಿ ಸಂಪರ್ಕದ ಶುರುವಿನ ಹ್ಯಾಂಡ್‌ಶೇಕ್‌ಗೆ ಸಹಿ ಹಾಕುತ್ತೆ, ಅಷ್ಟೆ. ಡೇಟಾ ಕೀಲಿ ಪ್ರತಿ ಸಲ ಎರಡೂ ಕಡೆಯವರು ಸೇರಿ ಕೀಲಿ ಮಾಡ್ಕೊಳ್ಳೋ ಡಿಫಿ-ಹೆಲ್ಮನ್ ವಿಧಾನದಿಂದ ಹೊಸದಾಗಿ ಹುಟ್ಟುತ್ತೆ. ಇವತ್ತಿನ ಟ್ರಾಫಿಕ್ ಹಿಡಿದಿಟ್ಟವನಿಗೆ ನಾಳೆ ಸರ್ವರ್ ಕೀಲಿ ಸಿಕ್ರೂ ಹಳೇದು ಬಿಚ್ಚಕ್ಕಾಗಲ್ಲ.

ಎ_ಪ್ಲಸ್
ನನ್ನ ಸೆಟಪ್ನಲ್ಲಿ ಟಿಎಲ್‌ಎಸ್ 1.2, 1.3 ಮಾತ್ರ, ಇಸಿಡಿಎಸ್‌ಎ ಪಿ-256 ಬಗೆಯ ಕೀಲಿ, ಎಚ್‌ಟಿಟಿಪಿಎಸ್‌ನಲ್ಲೇ ಬರ್ಬೇಕು ಅಂತ ಬ್ರೌಸರ್‌ಗೆ ಹೇಳೋ ಎಚ್‌ಎಸ್‌ಟಿಎಸ್ ಹೆಡರ್ 31536000 ಸೆಕೆಂಡು (ಒಂದು ವರ್ಷ), ಸಬ್‌ಡೊಮೇನ್ ಸೇರಿ. ಸೈಟಿನ ಸುರಕ್ಷತೆಗೆ ಅಂಕ ಕೊಡೋ ಎಸ್‌ಎಸ್‌ಎಲ್ ಲ್ಯಾಬ್ಸ್‌ನಲ್ಲಿ ಎ ಪ್ಲಸ್. ಸುಸ್ತು ಅವರೂ ಇದನ್ನೇ ಹಾಕ್ಲಿ.

ಪೋರ್ಟ್_443
ಈಗ ಎಚ್‌ಎಸ್‌ಟಿಎಸ್ ಮುಟ್ಟಲೇಬೇಡಿ! ಸರ್ಟಿಫಿಕೇಟ್ ಕೆಟ್ಟಾಗ ಎಚ್ಚರಿಕೆ ದಾಟಿ ಹೋಗೋ ಬಟನ್ನೂ ಬ್ರೌಸರ್ ಕೊಡಲ್ಲ, ಆ ಹೆಡರ್ ಕಂಡ ಬ್ರೌಸರ್ ವರ್ಷ ಪೂರ್ತಿ ನೆನಪಿಟ್ಕೊಳ್ಳುತ್ತೆ. ಮೊದಲು 300 ಸೆಕೆಂಡು ಇಟ್ಟು ನೋಡ್ಬೇಕು.

ಸರ್ವರ್_ಸುಸ್ತು
ಫುಲ್‌ಚೈನ್ ಹಾಕಿದೆ, ಕರ್ಲ್ ಸರಿಹೋಯ್ತು. ಆದ್ರೆ ಮೊಬೈಲ್ ಡೇಟಾದಲ್ಲಿ ಕೆಲವರಿಗೆ ಇನ್ನೂ 'ಅವಧಿ ಮುಗಿದಿದೆ'. ವೈಫೈನಲ್ಲಿ ಅವರಿಗೇ ಸರಿ!!

ಗಡಿಯಾರ_ರಾಯ
ನಾನು ಹೇಳಿದ್ನಲ್ಲ, ಫೋನಿನ ಟೈಮ್.

ಪೋರ್ಟ್_443
ವೈಫೈ ಹಾಕಿದ ತಕ್ಷಣ ಫೋನಿನ ಟೈಮ್ ಸರಿಹೋಗುತ್ತಾ ರಾಯರೇ? ಮೊಬೈಲ್ ಡೇಟಾ ಐಪಿವಿ6ನಲ್ಲಿ, ವೈಫೈ ಐಪಿವಿ4ನಲ್ಲಿ ಹೋಗ್ತಿರಬಹುದು. ಸುಸ್ತು, ಡಿಎನ್‌ಎಸ್‌ನಲ್ಲಿ ಐಪಿವಿ6 ವಿಳಾಸ ಹೇಳೋ ಎಎಎಎ ರೆಕಾರ್ಡ್ ಇದೆಯಾ? ಕರ್ಲ್‌ಗೆ ಒಮ್ಮೆ -4 (ಐಪಿವಿ4), ಒಮ್ಮೆ -6 (ಐಪಿವಿ6) ಕೊಟ್ಟು ನೋಡಿ.

ಸರ್ವರ್_ಸುಸ್ತು
-6ರಲ್ಲಿ ಹಳೇ ಸರ್ಟಿಫಿಕೇಟ್! ಐಪಿವಿ6ಗೆ ಬೇರೆ ಕಾನ್ಫಿಗ್ ಫೈಲ್ ಇತ್ತು, ಅದರಲ್ಲಿ ಹಳೇ ಪಾತ್. ಮುಂಚೆ ಇದ್ದವರು ಮಾಡಿಟ್ಟಿದ್ದು, ನನಗೆ ಗೊತ್ತೇ ಇರ್ಲಿಲ್ಲ.

ಪೋರ್ಟ್_443
ಎರಡೂ ಲಿಸನ್ ಸಾಲುಗಳನ್ನ, [::]:443 ಸೇರಿಸಿ, ಒಂದೇ ಸರ್ವರ್ ಬ್ಲಾಕ್‌ಗೆ ತನ್ನಿ. ಕಾನ್ಫಿಗ್ ಪರೀಕ್ಷಿಸೋ ಎಂಜಿನ್‌ಎಕ್ಸ್ -ಟಿ ಓಡಿಸಿ ಆಮೇಲೆ ರೀಲೋಡ್. ಸರ್ಟಿಫಿಕೇಟ್ ನವೀಕರಿಸೋ ಸರ್ಟ್‌ಬಾಟ್‌ಗೆ, ಹೊಸದು ಬಂದ ಮೇಲೆ ತಾನಾಗೇ ಓಡೋ ಡಿಪ್ಲಾಯ್-ಹುಕ್ ಹಾಕಿ ರೀಲೋಡ್ ಕೊಡಿ. ಇಲ್ದಿದ್ರೆ ಫೈಲ್ ಹೊಸದಾಗಿರುತ್ತೆ, ಎಂಜಿನ್‌ಎಕ್ಸ್ ಮೆಮೊರಿಯಲ್ಲಿರೋ ಹಳೇದನ್ನೇ ಹಂಚ್ತಾ ಕೂತಿರುತ್ತೆ.

ಎ_ಪ್ಲಸ್
ಹಳೇ ಬಗೆಯ ಆರ್‌ಎಸ್‌ಎ ಕೀಲಿನಾ ಇನ್ನೂ?

ಹೊಸಬ_07
ಇದೇ ಥ್ರೆಡ್‌ನಲ್ಲಿ ಕೇಳ್ತೀನಿ: ಹೆಸರಿನ ಮುಂದೆ * ಇರೋ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಎರಡು ಹಂತದ ಸಬ್‌ಡೊಮೇನ್‌ಗೆ ಯಾಕೆ ಆಗ್ತಿಲ್ಲ?

ಕೀಲಿಕೈ
ನಕ್ಷತ್ರ ಚಿಹ್ನೆ ಒಂದೇ ಹಂತಕ್ಕೆ. ಬೇರೆ ಥ್ರೆಡ್ ತೆರೆಯಿರಿ, ಡೊಮೇನ್ ನಿಮ್ಮದೇ ಅಂತ ಡಿಎನ್‌ಎಸ್‌ನಲ್ಲಿ ತೋರಿಸೋ ಡಿಎನ್‌ಎಸ್-01 ಹೇಗೆ ಮಾಡಿದ್ರಿ ಅನ್ನೋದೂ ಬರೀರಿ.