ನೀರಿನ ಅಭಾವ: ಬಟ್ಟೆ ಒಗೆದ ನೀರು, ಆರ್‌ಒ ವೇಸ್ಟ್ ನೀರು, ಡ್ರಮ್ ಡ್ರಿಪ್ ಬಗ್ಗೆ ಕೆಲವು ಪ್ರಶ್ನೆಗಳು

ಹಿತ್ತಲಗಿಡ

ಮಳೆ ಕೈಕೊಟ್ಟಿದೆ. ನಾಲ್ಕು ಜನರ ಮನೆ, ದಿನಕ್ಕೆ 400 ಲೀಟರಿನಲ್ಲಿ ಎಲ್ಲ ಮುಗಿಯಬೇಕು. ಹಿತ್ತಲಲ್ಲಿ ಎರಡು ನಿಂಬೆ ಗಿಡ, 10 ಚದರ ಮೀಟರ್ ತರಕಾರಿ ಮಡಿ (ಟೊಮೆಟೊ, ಮೆಣಸಿನಕಾಯಿ, ಸೊಪ್ಪು), 30 ಕುಂಡ, ಒಂದಿಷ್ಟು ಹುಲ್ಲುಹಾಸು ಇದೆ.

ವಾಷಿಂಗ್ ಮಷೀನಿನ ನೀರು, ಆರ್‌ಒ ಫಿಲ್ಟರಿನ ವೇಸ್ಟ್ ನೀರು ಗಿಡಕ್ಕೆ ಬಿಡಬಹುದೇ? ನೆಲದ ಮೇಲಿಟ್ಟ 200 ಲೀಟರ್ ಡ್ರಮ್ಮಿಗೆ ಡ್ರಿಪ್ ಜೋಡಿಸಿದರೆ ಹತ್ತಿರದ ಗಿಡಕ್ಕೆ ಹನಿ ಬೀಳುತ್ತದೆ, ಕೊನೆಯ ಗಿಡಕ್ಕೆ ತಲುಪುವುದೇ ಇಲ್ಲ. ಯಾಕೆ? ಮನೆಯೊಳಗೆ ಮೊದಲು ಎಲ್ಲಿ ಕೈ ಹಾಕಬೇಕು?

ಪೈಪುಪಾನಾ

ಕೊನೆಯ ಪ್ರಶ್ನೆಗೆ ಉತ್ತರ: ಫ್ಲಶ್ ಟ್ಯಾಂಕ್. ಹಳೆಯ ಟ್ಯಾಂಕು ಒಂದು ಸಲಕ್ಕೆ 9-10 ಲೀಟರ್ ಸುರಿಯುತ್ತದೆ. ನಾಲ್ಕು ಜನ, ತಲೆಗೆ ಐದು ಸಲ ಅಂದರೂ 200 ಲೀಟರ್ ಮುಗಿಯಿತು, ನಿಮ್ಮ ಪಾಲಿನ ಅರ್ಧ.

ಮೊದಲು ಸೋರಿಕೆ ನೋಡಿ. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಯಾರೂ ಫ್ಲಶ್ ಮಾಡದೆ ಬಿಡಿ. ಕಮೋಡಿನ ನೀರಿಗೆ ಬಣ್ಣ ಬಂದರೆ ತಳದ ರಬ್ಬರ್ ವಾಷರ್ ಸರಿಯಾಗಿ ಕೂರುತ್ತಿಲ್ಲ. ಬಹಳ ಸಲ ಉಪ್ಪು ಕಟ್ಟಿರುತ್ತದೆ, ಅಷ್ಟೇ. ಒರೆಸಿ ನೋಡಿ, ರಬ್ಬರ್ ಗಟ್ಟಿಯಾಗಿದ್ದರೆ ಬದಲಿಸಿ. ಇನ್ನೊಂದು ಕಳ್ಳದಾರಿ ಓವರ್‌ಫ್ಲೋ ಪೈಪು. ಫ್ಲೋಟ್ ಎತ್ತರಕ್ಕೆ ಸೆಟ್ ಆಗಿದ್ದರೆ ನೀರು ಸದ್ದಿಲ್ಲದೆ ಅದರೊಳಗೆ ಹೋಗುತ್ತಲೇ ಇರುತ್ತದೆ. ನೀರಿನ ಮಟ್ಟ ಆ ಪೈಪಿನ ಬಾಯಿಗಿಂತ 2-3 ಸೆಂ.ಮೀ. ಕೆಳಗೆ ನಿಲ್ಲಬೇಕು.

ಟ್ಯಾಂಕಿನೊಳಗೆ ಇಟ್ಟಿಗೆ ಇಡಬೇಡಿ. ಅದು ಕರಗಿ, ಪುಡಿ ವಾಷರ್ ಕೆಳಗೆ ಸಿಕ್ಕಿಕೊಳ್ಳುತ್ತದೆ. ಒಂದು ಲೀಟರ್ ಬಾಟಲಿಗೆ ನೀರು ತುಂಬಿ, ಮುಚ್ಚಳ ಬಿಗಿದು, ಫ್ಲೋಟಿಗೆ ತಾಗದ ಮೂಲೆಯಲ್ಲಿ ನಿಲ್ಲಿಸಿ. ಇದಕ್ಕಿಂತ ಒಳ್ಳೆಯದು ಬಳಸಿದ ನೀರನ್ನೇ ಬಕೆಟ್ಟಿನಿಂದ ಕಮೋಡಿಗೆ ರಭಸವಾಗಿ ಸುರಿಯುವುದು, 5-6 ಲೀಟರ್ ಸಾಕು. ಸೋಪಿನ ನೀರನ್ನು ಫ್ಲಶ್ ಟ್ಯಾಂಕಿಗೆ ಮಾತ್ರ ತುಂಬಬೇಡಿ, ನಾರುತ್ತದೆ, ವಾಲ್ವ್‌ನಲ್ಲಿ ಗಸಿ ಕಟ್ಟುತ್ತದೆ.

ಮೇಲೆ ಟ್ಯಾಂಕ್ ಇದ್ದರೆ ಮನೆಯೊಳಗಿನ ಸೋರಿಕೆ ಮೀಟರಿನಲ್ಲಿ ತಕ್ಷಣ ಕಾಣುವುದಿಲ್ಲ. ರಾತ್ರಿ ಒಳಹರಿವು ಬಂದ್ ಮಾಡಿ, ಟ್ಯಾಂಕಿನೊಳಗೆ ಕೋಲು ಇಳಿಸಿ ಮಟ್ಟ ಗುರುತಿಸಿ, ಬೆಳಿಗ್ಗೆ ಮತ್ತೆ ಅಳೆಯಿರಿ. 1.1 ಮೀಟರ್ ವ್ಯಾಸದ ಟ್ಯಾಂಕಿನಲ್ಲಿ 1 ಸೆಂ.ಮೀ. ಇಳಿದರೆ ಸುಮಾರು ಒಂಬತ್ತೂವರೆ ಲೀಟರ್ ಹೋಗಿದೆ.

ಏರೇಟರನ್ನು (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ, ನಲ್ಲಿಯ ಬಾಯಿಗೆ ಹಾಕುವ ಜಾಲರಿ) ವಾಷ್‌ಬೇಸಿನ್, ಸಿಂಕಿಗೆ ಹಾಕಿ. ಬಕೆಟ್ ತುಂಬಿಸುವ ನಲ್ಲಿಗೆ ಹಾಕಿದರೆ ಉಳಿತಾಯ ಸೊನ್ನೆ, ಕಾಯುವುದು ಮಾತ್ರ ಹೆಚ್ಚು.

ಮಣ್ಣುಹುಳ

ಬಟ್ಟೆಯ ನೀರಿನಲ್ಲಿ ಗಿಡಕ್ಕೆ ಶತ್ರು ಸೋಡಿಯಂ. ಡಿಟರ್ಜೆಂಟ್ ಪೌಡರಿನಲ್ಲಿ ಸಾಮಾನ್ಯವಾಗಿ ಸೋಡಾ ಇರುತ್ತದೆ. ಜೇಡಿಮಣ್ಣಿಗೆ ಇದೇ ನೀರು ಬೀಳುತ್ತಿದ್ದರೆ ಮಣ್ಣಿನ ಕಣಗಳು ಬಿಟ್ಟುಕೊಂಡು ಮೇಲ್ಮೈ ಹೆಪ್ಪುಗಟ್ಟುತ್ತದೆ, ಆಮೇಲೆ ಹಾಕಿದ ನೀರು ಇಂಗುವುದಿಲ್ಲ. ಹಾಗಾಗಿ ಮೊದಲ ತೊಳೆತದ ನೀರು ಕಮೋಡಿಗೆ, ಜಾಲಾಡಿಸಿದ ನೀರು ಗಿಡಕ್ಕೆ. ಬ್ಲೀಚ್, ಬೋರಾಕ್ಸ್ ಬಳಸಿದ ದಿನದ್ದು, ಮಗುವಿನ ಹೊಲಸು ಬಟ್ಟೆಯದ್ದು, ಜಿಡ್ಡಿನ ಪಾತ್ರೆಯದ್ದು ಗಿಡಕ್ಕೆ ಬೇಡವೇ ಬೇಡ.

ಈ ನೀರನ್ನು 24 ಗಂಟೆಗಿಂತ ಹೆಚ್ಚು ಹೊತ್ತು ಕೂಡಿಡಬೇಡಿ. ಎಲೆಗೆ ತಾಗಿಸದೆ ಮಣ್ಣಿಗೆ ಹಾಕಿ. ಸೊಪ್ಪು, ಮೂಲಂಗಿ ಥರದವಕ್ಕೆ ಬೇಡ. ನಿಂಬೆ ಜಾತಿಗೆ ಉಪ್ಪು ಆಗುವುದಿಲ್ಲ, ಎರಡು ಸಲ ಜಾಲಾಡಿಸಿದ ನೀರು ಕೊಟ್ಟರೆ ಒಂದು ಸಲ ಒಳ್ಳೆಯ ನೀರು ಕೊಡಿ. ಎಲೆಯ ತುದಿ ಸುಟ್ಟ ಹಾಗಾದರೆ ತಕ್ಷಣ ನಿಲ್ಲಿಸಿ.

ಮಷೀನಿನ ಔಟ್‌ಲೆಟ್ ಪೈಪನ್ನು ನೆಲಕ್ಕೆ ಇಳಿಬಿಡಬಾರದು. ಒಳಗಿನ ನೀರಿನ ಮಟ್ಟಕ್ಕಿಂತ ಅದರ ತುದಿ ಕೆಳಗಿದ್ದರೆ ಸೈಫನ್ ಆಗಿ, ತುಂಬುತ್ತಿರುವಾಗಲೇ ನೀರು ಹೊರಗೆ ಹರಿಯುತ್ತದೆ. ಪೈಪಿನ ಕೊಕ್ಕೆಯನ್ನು 60-90 ಸೆಂ.ಮೀ. ಎತ್ತರದ ಡ್ರಮ್ಮಿನ ಬಾಯಿಗೆ ಸಿಕ್ಕಿಸಿ, ತುದಿ ನೀರಿನಲ್ಲಿ ಮುಳುಗಬಾರದು.

ಆರ್‌ಒ ನೀರಿನ ಬಗ್ಗೆ ಹೆದರಿಕೆ ಜಾಸ್ತಿ, ಲೆಕ್ಕ ಹಾಕುವವರು ಕಡಿಮೆ. ಒಳಬರುವ ನೀರಿನ ಟಿಡಿಎಸ್ (ಒಂದು ಲೀಟರಿನಲ್ಲಿ ಕರಗಿರುವ ಉಪ್ಪಿನಂಶ, ಮಿಲಿಗ್ರಾಂ ಲೆಕ್ಕದಲ್ಲಿ) 500, 4 ಲೀಟರಿಗೆ 1 ಕುಡಿಯಲು, 3 ವೇಸ್ಟ್ ಎಂದುಕೊಳ್ಳಿ. ನಾಲ್ಕು ಲೀಟರಿನ ಉಪ್ಪೆಲ್ಲ ಮೂರರಲ್ಲಿ ಉಳಿದರೂ 670ರ ಹತ್ತಿರ, ಅಷ್ಟೇ. ಅರ್ಧಕ್ಕರ್ಧ ಕೊಡುವ ಫಿಲ್ಟರಾದರೆ 1000 ಆಗುತ್ತದೆ. ಆದರೂ ಕುಂಡಕ್ಕೆ ಬೇಡ. ಅಲ್ಲಿ ಉಪ್ಪು ತೊಳೆದುಹೋಗುವಷ್ಟು ನೀರು ಈಗ ನೀವು ಹಾಕುವುದಿಲ್ಲ. ನೆಲ ಒರೆಸಲು, ಪಾತ್ರೆಯ ಮೊದಲ ತೊಳೆತಕ್ಕೆ ಇಡಿ.

ಹನಿಲೆಕ್ಕ

ಡ್ರಿಪ್ ಕೈಕೊಡುವುದು ಒತ್ತಡವಿಲ್ಲದೆ. 1 ಮೀಟರ್ ಎತ್ತರದ ನೀರು ಕೊಡುವುದು 0.1 ಬಾರ್ (ಬಾರ್ ಅಂದರೆ ಒತ್ತಡದ ಅಳತೆ). ಗಂಟೆಗೆ 4 ಲೀಟರ್ ಎಂದು ಬರೆದಿರುವ ಸಾದಾ ಡ್ರಿಪ್ಪರ್ 1 ಬಾರಿನ ಲೆಕ್ಕದ್ದು, 0.1ರಲ್ಲಿ ಒಂದೂಕಾಲು ಲೀಟರ್ ಬಂದರೆ ಹೆಚ್ಚು. ಒತ್ತಡ ಹೆಚ್ಚುಕಡಿಮೆಯಾದರೂ ಒಂದೇ ಸಮ ಹನಿಸುವ ಪ್ರೆಶರ್ ಕಾಂಪನ್ಸೇಟಿಂಗ್ ಡ್ರಿಪ್ಪರ್ ಇಷ್ಟು ಕಡಿಮೆ ಒತ್ತಡದಲ್ಲಿ ಸರಿಯಾಗಿ ಕೆಲಸವನ್ನೇ ಮಾಡುವುದಿಲ್ಲ.

ಡ್ರಮ್ಮನ್ನು ಕನಿಷ್ಠ 1 ಮೀಟರ್ ಎತ್ತರಿಸಿ (ತುಂಬಿದಾಗ 200 ಕೆ.ಜಿ.ಗೂ ಮೇಲೆ, ಸ್ಟ್ಯಾಂಡ್ ಗಟ್ಟಿಯಿರಲಿ). ಒಂದೇ ಉದ್ದ ಪೈಪಿನ ಬದಲು 16 ಮಿ.ಮೀ.ನ ಎರಡು ಮೂರು ಗಿಡ್ಡ ಸಾಲು ಮಾಡಿ. ಪೈಪು ಮಧ್ಯೆ ಉಬ್ಬಿದ ಕಡೆ ಗಾಳಿ ಸಿಕ್ಕಿಕೊಳ್ಳುತ್ತದೆ, ಮಟ್ಟವಾಗಿ ಹಾಸಿ. ನಲ್ಲಿಯನ್ನು ಡ್ರಮ್ಮಿನ ತಳದಿಂದ 5 ಸೆಂ.ಮೀ. ಮೇಲೆ ಕೂರಿಸಿ, ಮುಂದೆ ಜಾಲರಿ ಫಿಲ್ಟರ್ ಇರಲಿ, ವಾರಕ್ಕೊಮ್ಮೆ ಸಾಲಿನ ಕೊನೆ ಬಿಚ್ಚಿ ತೊಳೆಯಿರಿ. ಬಟ್ಟೆಯ ನೀರು ಡ್ರಿಪ್ಪಿಗೆ ಬೇಡ, ನೂಲಿನ ಎಳೆ ಸಿಕ್ಕಿ ಕಟ್ಟುತ್ತದೆ.

ಎಷ್ಟು ನೀರು? 1 ಚದರ ಮೀಟರಿಗೆ 1 ಮಿ.ಮೀ. ಎಂದರೆ 1 ಲೀಟರ್. ಬಿಸಿಲು ಕಾಲದಲ್ಲಿ ತುಂಬಿ ಬೆಳೆದ ಮಡಿ ದಿನಕ್ಕೆ 5 ಮಿ.ಮೀ. ಎಳೆಯುತ್ತದೆ ಎಂದರೂ ನಿಮಗೆ 50 ಲೀಟರ್. ಅಷ್ಟು ಆಗದಿದ್ದರೆ ಮಡಿ ಅರ್ಧ ಮಾಡಿ. ಇಡೀ ಮಡಿಯನ್ನು ಅರೆಹೊಟ್ಟೆಯಲ್ಲಿಟ್ಟರೆ ಹೂವು ಉದುರಿ ಎಲ್ಲಿಯೂ ಫಸಲು ಬರುವುದಿಲ್ಲ.

ಹಿತ್ತಲಗಿಡ

ಕುಂಡಕ್ಕೆ ಹಾಕಿದ ನೀರು ಕ್ಷಣದಲ್ಲಿ ತಳದಿಂದ ಹೊರಗೆ ಬರುತ್ತಿದೆ. ಬಾಟಲಿಗೆ ತೂತು ಮಾಡಿ ಹೂತರೆ ಆಗುತ್ತದೆಯೇ?

ಮಣ್ಣುಹುಳ

ಮಣ್ಣು ಒಣಗಿ ಕುಂಡದ ಗೋಡೆ ಬಿಟ್ಟಿದೆ, ಆ ಸಂದಿಯಲ್ಲಿ ನೀರು ಜಾರುತ್ತಿದೆ. ಕುಂಡವನ್ನು ಬಕೆಟ್ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ಇಟ್ಟು ತೆಗೆಯಿರಿ, ಅದೇ ನೀರು ಮುಂದಿನ ಕುಂಡಕ್ಕೂ ಆಗುತ್ತದೆ. ತೂತಿನ ಬಾಟಲಿ ಒಂದೋ ಬೇಗ ಖಾಲಿ, ಇಲ್ಲವೇ ಮಣ್ಣು ಕಟ್ಟಿ ಬಂದ್. ಬಣ್ಣ ಬಳಿಯದ ಚಿಕ್ಕ ಮಣ್ಣಿನ ಕುಡಿಕೆಯನ್ನು ಕತ್ತಿನವರೆಗೆ ಹೂತು ಮುಚ್ಚಳ ಹಾಕಿ. ಸುತ್ತಲಿನ ಮಣ್ಣು ಒಣಗಿದಷ್ಟೇ ನೀರು ಜಿನುಗುತ್ತದೆ.

ಮುಚ್ಚಿಗೆ (ಮಣ್ಣಿನ ಮೇಲೆ ಎಲೆಯ ಹೊದಿಕೆ) ಹಾಕುವ ಮೊದಲು ಮಣ್ಣು ಚೆನ್ನಾಗಿ ನೆನೆಸಿ. 5-7 ಸೆಂ.ಮೀ. ದಪ್ಪ ಒಣ ಎಲೆ, ಬುಡಕ್ಕೆ ತಾಗದಂತೆ. ಒಣ ಮಣ್ಣಿಗೆ ಹಾಕಿದರೆ ಚಿಮುಕಿಸಿದ ನೀರನ್ನೆಲ್ಲ ಎಲೆಯೇ ಹೀರಿಕೊಳ್ಳುತ್ತದೆ. ಗೊಬ್ಬರ ಸದ್ಯಕ್ಕೆ ನಿಲ್ಲಿಸಿ. ಹುಲ್ಲುಹಾಸಿಗೆ ಒಂದು ತೊಟ್ಟೂ ಬೇಡ, ಬಹಳಷ್ಟು ಹುಲ್ಲು ಕಂದಿದರೂ ಮಳೆ ಬಂದಾಗ ಬೇರಿನಿಂದ ಚಿಗುರುತ್ತದೆ. ಮೊದಲ ಪಾಲು ನಿಂಬೆಗೆ, ಕಾಂಡದ ಬುಡಕ್ಕಲ್ಲ, ಕೊಂಬೆಯ ಹರವಿನ ಅಂಚಿನ ಪಾತಿಗೆ.