ಸ್ವಿಫ್ಟ್ ಇಳಿಸಬೇಕು: ಸ್ಪ್ರಿಂಗ್ ಕಟ್ ಮಾಡ್ಸೋದಾ, ಬದಲಾಯಿಸೋದಾ?

ಕೇಳಿದ್ದು (ವಿಜಯನಗರ, 2018ರ ಸ್ವಿಫ್ಟ್)

ಎಲ್ಲರಿಗೂ ನಮಸ್ಕಾರ. ಟೈರಿಗೂ ಮಡ್‌ಗಾರ್ಡಿಗೂ ಮಧ್ಯ ಇರೋ ಸಂದು ನೋಡಿದಾಗೆಲ್ಲ ನಂಗೆ ಸಂಕಟ. ಒಂದೂವರೆ ಇಂಚು ಇಳಿಸಬೇಕು ಅಂತ ಆಸೆ. ಜೆ.ಸಿ. ರೋಡಲ್ಲಿ ವಿಚಾರಿಸಿದೆ. ಒಬ್ರು ಹೊಸ ಸ್ಪ್ರಿಂಗ್ ಸೆಟ್ ಹಾಕ್ಸಿ ಅಂದ್ರು. ಇನ್ನೊಬ್ರು "ಒಂದು ಸುತ್ತು ಕಟ್ ಮಾಡಿದ್ರೆ ಮುಗೀತು, ಸಂಜೆಗೆ ಗಾಡಿ ತಗೊಂಡ್ಹೋಗಿ" ಅಂದ್ರು. ಅಪ್ಪನೂ ಇದೇ ಗಾಡಿ ಓಡಿಸ್ತಾರೆ, ತಿಂಗಳಿಗೊಂದ್ಸಲ ಎಲ್ರೂ ತುಂಬ್ಕೊಂಡು ತುಮಕೂರಿಗೆ ಹೋಗ್ತೀವಿ. ಮಾಡ್ಸಿರೋರು ಹೇಳಿ. ಬೇಡ ಅನ್ನೋರು ಯಾಕೆ ಬೇಡ ಅಂತಾನೂ ಹೇಳಿ.

ಹಳೇ ಸ್ವಿಫ್ಟ್, ರಾಜಾಜಿನಗರ

ಕಟ್ ಮಾಡ್ಸಿದ ಮಹಾನುಭಾವ ನಾನೇ. ಮುಂದೆ ಒಂದೂವರೆ ಸುತ್ತು, ಹಿಂದೆ ಒಂದು, ಗ್ಯಾಸ್ ಕಟರಲ್ಲಿ. ಮೊದಲ ವಾರ ಗಾಡಿ ನಿಲ್ಸಿ ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡೋದೇ ಕೆಲಸ. ಆಮೇಲೆ ಪ್ರತಿ ಹಂಪಿಗೂ ಹಿಂದಿನಿಂದ "ಟಣ್" ಅನ್ನಕ್ಕೆ ಶುರುವಾಯ್ತು. ಕಿವಿ ಅದಕ್ಕೂ ಒಗ್ಗಿಹೋಯ್ತು, ಅದೇ ತಪ್ಪು. ಒಂದಿನ ಪಂಕ್ಚರ್ ಆಗಿ ಜಾಕ್ ಎತ್ತಿದ್ರೆ ಹಿಂದಿನ ಸ್ಪ್ರಿಂಗ್ ತನ್ನ ಸೀಟು (ಅದು ಕೂರೋ ಬಟ್ಟಲು) ಬಿಟ್ಟು ವಾರೆ ಕೂತಿದೆ! ಕೈಯಲ್ಲಿ ಹಿಡಿದು ತಿರುಗಿಸಿದ್ರೆ ತಿರುಗ್ತಿತ್ತು. ನೈಸ್ ರೋಡಲ್ಲಿ ನೂರರ ಹತ್ರ ಓಡಿಸಿದ್ದು ನೆನೆಸ್ಕೊಂಡು ಅಲ್ಲೇ ಬೆವರಿಬಿಟ್ಟೆ. ವಾಪಸ್ ಹಾಕ್ಸೋಣ ಅಂದ್ರೆ ಹಳೇ ಸ್ಪ್ರಿಂಗ್ ಎಲ್ಲಿಂದ ಬರ್ಬೇಕು, ಅದನ್ನೇ ಕಡಿದಾಗಿದೆ. ಬೇಡ ಮಗಾ.

ಪೀಣ್ಯ ಕಡೆ ಗ್ಯಾರೇಜ್, ಕೈಯೆಲ್ಲ ಗ್ರೀಸ್

ಮೇಲಿನವರಿಗೆ ಆಗಿದ್ದು ಆಗಲೇಬೇಕಾದ್ದೇ. ಸ್ಪ್ರಿಂಗ್ ತುದಿಯನ್ನ ಸೀಟಿಗೆ ಕೂರೋ ಹಾಗೆ ಮಾಡಿರ್ತಾರೆ. ಚಕ್ರ ಪೂರ್ತಿ ಕೆಳಗೆ ಜೋತುಬಿದ್ದಾಗಲೂ ಸ್ಪ್ರಿಂಗ್ ಸ್ವಲ್ಪ ಬಿಗಿಯಲ್ಲೇ ಇರ್ಬೇಕು. ಉದ್ದ ಕಡಿದ್ರೆ ಆ ಬಿಗಿ ಹೋಯ್ತು. ಗ್ಯಾಸಿನ ಶಾಖಕ್ಕೆ ಉಕ್ಕಿನ ಹದಾನೂ ಕೆಡುತ್ತೆ, ಕಡಿದ ಜಾಗದ ಹತ್ರವೇ ಒಂದಿನ ಮುರಿಯುತ್ತೆ.

ಇನ್ನು ಗಡಸುತನದ ಲೆಕ್ಕ. ಕೆಲಸ ಮಾಡೋ ಸುತ್ತು ಆರಿದ್ದು ಒಂದು ಕಡಿದ್ರೆ, ಉಳಿದ ಐದು ಸುತ್ತಿನ ಸ್ಪ್ರಿಂಗ್ 20% ಗಡಸಾಗುತ್ತೆ, ಅಂದ್ರೆ ಅಷ್ಟೇ ಅದುಮಕ್ಕೆ 20% ಜಾಸ್ತಿ ಭಾರ ಬೇಕು. ಶಾಕಬ್ಸರ್ ಮಾತ್ರ ಹಳೇ ಸ್ಪ್ರಿಂಗಿಗೆ ಹೊಂದಿಸಿದ್ದು, ಹೊಸ ಕುಪ್ಪಳಿಕೆ ಅದಕ್ಕೆ ಹಿಡಿಯಕ್ಕಾಗಲ್ಲ. ಜೊತೆಗೆ ಬಂಪ್ ಸ್ಟಾಪಿಗೆ (ಸ್ಪ್ರಿಂಗ್ ಪೂರ್ತಿ ಅದುಮಿದಾಗ ತಡೆಯೋ ರಬ್ಬರ್ ತುಂಡಿಗೆ) ಬಡಿಯೋ ಅಂತರಾನೂ ಕಮ್ಮಿ ಆಗಿರುತ್ತೆ. ಅದೇ ಆ "ಟಣ್".

ಇಳಿಸೋದಕ್ಕೇ ಅಂತ ಮಾಡಿದ ಸ್ಪ್ರಿಂಗ್ ಬರುತ್ತೆ: ಕೋಬ್ರಾ, ಐಬಾಕ್ ಆ ತರದ್ದು. ನಿಮ್ಮ ಮಾಡೆಲ್ಲು, ನಿಮ್ಮ ವರ್ಷ, ನಿಮ್ಮ ಎಂಜಿನ್ನಿಗೆ ಅಂತ ಬರೆದಿರೋದನ್ನೇ ತಗೊಳ್ಳಿ, "ಆಗುತ್ತೆ ಬಿಡಿ ಸಾರ್" ಅನ್ನೋದನ್ನಲ್ಲ. ಶಾಕಬ್ಸರ್ ಸೋರ್ತಿದ್ರೆ ಅದೂ ಬದಲಾಗ್ಲಿ. ಕಾಯಿಲೋವರಲ್ಲಿ (ಸ್ಪ್ರಿಂಗೂ ಶಾಕಬ್ಸರೂ ಸೇರಿ ಒಂದೇ ಸೆಟ್ಟಾಗಿ ಬರೋದು) ಎತ್ತರ ಬೇಕಾದ ಹಾಗೆ ತಿರುಗಿಸ್ಕೋಬಹುದು, ಸರಿ, ಆದ್ರೆ ದುಬಾರಿ, ನಮ್ಮ ಧೂಳು ಕೆಸರಿಗೆ ಅದನ್ನ ತಿರುಗಿಸೋ ತಿರುಪು ಹಿಡ್ಕೊಂಡುಬಿಡುತ್ತೆ. ಮನೆ ಗಾಡಿಗೆ ನಾನಂತೂ ಹೇಳಲ್ಲ.

ಕೆಲಸ ಮಾಡಿಸುವಾಗ ಪಕ್ಕದಲ್ಲೇ ನಿಂತು ಒಂದು ನೋಡಿ. ಲೋವರ್ ಆರ್ಮ್ (ಚಕ್ರವನ್ನ ಕೆಳಗಡೆಯಿಂದ ಬಾಡಿಗೆ ಹಿಡಿದಿರೋ ತೋಳು) ಬುಷ್ ಬೋಲ್ಟನ್ನ ಗಾಡಿ ಎತ್ತಿರುವಾಗಲೇ ಪೂರ್ತಿ ಬಿಗಿಸಬಾರದು. ಚಕ್ರದ ಮೇಲೆ ಭಾರ ಬಂದ ಮೇಲೇ ಬಿಗಿಸಬೇಕು, ಇಲ್ಲಾಂದ್ರೆ ಬುಷ್ಷಿನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಇದನ್ನ ಹತ್ತರಲ್ಲಿ ಎಂಟು ಜನ ಮರೀತಾರೆ, ನಾನೂ ಮರೆತಿದ್ದೀನಿ.

ಅತಿಯಾಗಿ ಇಳಿಸಿದ್ರೆ ಹಿಡಿತ ಜಾಸ್ತಿ ಅನ್ನೋದೂ ಸುಳ್ಳು. ಇಂಥ ಗಾಡೀಲಿ ಲೋವರ್ ಆರ್ಮ್ ಹೊರಗಡೆ ಮೇಲಕ್ಕೆ ವಾಲಿದ್ರೆ, ತಿರುವಲ್ಲಿ ಬಾಡಿ ಹೊರಳೋ ಒತ್ತಡ ಕಮ್ಮಿ ಆಗೋ ಬದಲು ಜಾಸ್ತಿ ಆಗಬಹುದು.

ಪೋಲೋ, ಜೆ.ಪಿ. ನಗರ

ನಂದು 30 ಮಿ.ಮೀ. ಇಳಿದಿದೆ, ಸ್ಪ್ರಿಂಗ್ ಸೆಟ್, ಮೂರು ವರ್ಷ ಆಯ್ತು. ಓಡಿಸೋಕೆ ಚೆನ್ನಾಗಿದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಬೆಂಗಳೂರಿನ ನಕ್ಷೆ ನನ್ನ ತಲೇಲಿ ಬದಲಾಗಿಹೋಗಿದೆ. ಯಾವ ಅಡ್ಡರಸ್ತೆಯಿಂದ ಕಾಂಕ್ರೀಟ್ ರೋಡಿಗೆ ಹತ್ತುವಾಗ ಅಂಚು ಎತ್ತರ, ಯಾವ ಮಾಲಿನ ಬೇಸ್‌ಮೆಂಟ್ ಇಳಿಜಾರಿನ ತುದೀಲಿ ಹೊಟ್ಟೆ ಉಜ್ಜುತ್ತೆ, ಎಲ್ಲ ಬಾಯಿಪಾಠ. ಅಕ್ಕ ಭಾವ ಹಿಂದೆ ಕೂತ್ರೆ ಹಂಪಿಗೆ ಮುಂಚೆ "ಸ್ವಲ್ಪ ಇಳೀತೀರಾ" ಅನ್ನಬೇಕಾಗುತ್ತೆ. ಭಾವ ಈಗ ಆಟೋದಲ್ಲೇ ಬರ್ತಾರೆ.

ಹಾಕ್ಸಿದ ದಿನವೇ ಅಲೈನ್‌ಮೆಂಟ್ ಮಾಡ್ಸಿದ್ದೆ, ಸ್ಪ್ರಿಂಗ್ ಕೂತ ಮೇಲೆ ಇನ್ನೊಮ್ಮೆ ಮಾಡ್ಸಲಿಲ್ಲ. ಮುಂದಿನ ಟೈರೆರಡೂ ಒಳಮಗ್ಗುಲಲ್ಲಿ ಬೋಳಾದವು. ಹೊರಗಿಂದ ನೋಡಿದ್ರೆ ಹೊಸಾ ತರ! ಹೆಡ್‌ಲೈಟ್ ಬೆಳಕೂ ಒಂದ್ಸಲ ಗೋಡೆಗೆ ಬಿಟ್ಟು ಹೊಂದಿಸ್ಕೊಳ್ಳಿ.

ವಿಮೆ ಕೆಲಸದವನು

ಚಿಕ್ಕದಾಗಿ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ(4)ರಲ್ಲಿ, ನಿಯಮ ಒಪ್ಪದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸ್ಪ್ರಿಂಗ್ ಕೊಳ್ಳೋ ಮುಂಚೆ ಆರ್‌ಟಿಒದಲ್ಲಿ ಕೇಳಿ, ವಿಮೆ ಕಂಪನಿಗೆ ಬರೆದು ತಿಳಿಸಿ ಉತ್ತರ ಇಟ್ಕೊಳ್ಳಿ. ಅಪಘಾತ ಆದ ಮೇಲೆ ಸರ್ವೇಯರ್ ಮೊದಲು ಗಾಡಿ ಕೆಳಗೇ ಬಗ್ಗಿ ನೋಡೋದು.

ಸಿವಿಲ್ ಎಂಜಿನಿಯರ್, ಹಂಪಿನ ಪರವಾಗಿ

ರಸ್ತೆಗಳಿಗೆ ಮಾನದಂಡ ಬರೆಯೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಸ್ವಿಫ್ಟಿನ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) 2.45 ಮೀಟರ್. ನಾಲ್ಕೂ ಚಕ್ರ ಅದರ ಮೇಲಿದ್ದಾಗ ಹೊಟ್ಟೆ ಕಡೆ ಉಬ್ಬಿ ಬರೋದು ಬರೀ 4.4 ಸೆಂ.ಮೀ. ಅಂಥ ಹಂಪನ್ನ ಇಳಿಸಿದ ಗಾಡೀನೂ ಆರಾಮಾಗಿ ದಾಟುತ್ತೆ. ನಮ್ಮ ಗಲ್ಲಿಗಳಲ್ಲಿ ರಾತ್ರೋರಾತ್ರಿ ಹುಟ್ಟೋ ಗಿಡ್ಡ ಹಂಪುಗಳು ಹಾಗಲ್ಲ. ಅಗಲ ಅರ್ಧ ಮೀಟರೂ ಇರಲ್ಲ, ಎತ್ತರ ಪೂರ್ತಿ ಹೊಟ್ಟೆಗೇ ಬರುತ್ತೆ. ಅಂಗಡಿಗೆ ಹೋಗೋ ಮುಂಚೆ ಟೇಪ್ ತಗೊಂಡು ನಿಮ್ಮ ಬೀದಿಗೆ ಇಳೀರಿ. ಮನೆಯವರನ್ನೆಲ್ಲ ಗಾಡೀಲಿ ಕೂರಿಸಿ ಅಳೀರಿ.

ಕೇಳಿದವನು, ಮತ್ತೆ

ಅಳೆದೆ. ಖಾಲಿ ಗಾಡೀಲಿ ಹೊಟ್ಟೆ ನೆಲದಿಂದ 160 ಮಿ.ಮೀ. ಆಸುಪಾಸು. ಅಪ್ಪ ಅಮ್ಮ ಅತ್ತೆ ತಂಗಿ ಕೂತ ಮೇಲೆ ಹಿಂದೆ 45 ಕುಸೀತು, ಮುಂದೆ 12, ನಡುವೆ 30 ಅಂತಿಟ್ಕೊಳ್ಳಿ. ಅಂದ್ರೆ 130. ನಾನು ಅಂದ್ಕೊಂಡಿದ್ದ ಒಂದೂವರೆ ಇಂಚು ಕಳೆದ್ರೆ 92. ನಮ್ಮ ಕ್ರಾಸಿನ ಹಂಪು 110! ಅತ್ತೆ ಕೇಳಿದ್ರು, "ಯಾಕೋ ನಮ್ಮನ್ನೆಲ್ಲ ನಿಂತ ಗಾಡೀಲಿ ಕೂರಿಸಿದೀಯ, ಎಲ್ಲಿಗೂ ಹೋಗಲ್ವಾ?" ಆಮೇಲೆ ದೋಸೆ ತಿನ್ನಿಸಿ ಕರ್ಕೊಂಡು ಬಂದೆ.

ಒಂದೂವರೆ ಇಂಚು ಕೈಬಿಟ್ಟೆ. 15 ಮಿ.ಮೀ. ಇಳಿಸೋ ಸೆಟ್ ಸಿಗುತ್ತಾ?

ಪೀಣ್ಯ ಗ್ಯಾರೇಜ್

ಹುಡುಕಿದ್ರೆ 25ರದ್ದು ಸಿಗಬಹುದು, 15 ಕಷ್ಟ. 25 ಆದ್ರೂ ನಿಮ್ಮ ಲೆಕ್ಕದಲ್ಲೇ 105, ಆ ಹಂಪಿಗೆ ತಗಲುತ್ತೆ, ತುಂಬಿದ ಗಾಡೀನ ಬೇರೆ ರಸ್ತೇಲಿ ತಗೊಂಡು ಹೋಗ್ಬೇಕು. ಅಪ್ಪನಿಗೆ ಮೊದಲೇ ಹೇಳಿ. ಮಾಡ್ಸೋದಾದ್ರೆ ಮಳೆಗಾಲ ಮುಗೀಲಿ. ಕಳಚಿದ ಕಂಪನಿ ಸ್ಪ್ರಿಂಗ್ ನಾಲ್ಕನ್ನೂ ಎಣಿಸಿ ಮನೆಗೆ ತಗೊಂಡ್ಹೋಗಿ ಅಟ್ಟಕ್ಕೆ ಹಾಕಿ. ಗ್ಯಾರೇಜಲ್ಲಿ ಬಿಟ್ರೆ ಗುಜರಿ ಸೇರುತ್ತೆ.